ಬ್ರಿಟನ್ನಿನ ಸಂಗಾತಿ ವೀಸಾ ತಿರಸ್ಕೃತವಾದಾಗ: ಮೇಲ್ಮನವಿಯಲ್ಲಿ ಸ್ಪಾನ್ಸರ್‌ನ ಆದಾಯ ಸಾಬೀತುಪಡಿಸುವ ಬಗೆ

ಬ್ರಿಟನ್ನಿನಲ್ಲಿ ನೆಲೆಸಿರುವ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಹಾಕಿದ ಅರ್ಜಿ ಆದಾಯದ ಕಾರಣಕ್ಕೆ ತಿರಸ್ಕೃತವಾದರೆ, ಮನೆಯವರೆಲ್ಲ ಸೇರಿ ಮೊದಲು ಇನ್ನಷ್ಟು ಕಾಗದಪತ್ರ ಒಟ್ಟುಹಾಕುತ್ತಾರೆ. ಊರಿನ ಜಮೀನಿನ ಪಹಣಿ, ಅಪ್ಪನ ಪಿಂಚಣಿ ಪುಸ್ತಕ, ಚಿನ್ನದ ಮೌಲ್ಯಮಾಪನ ಪತ್ರ, ಡೊಂಬಿವಲಿಯ ಫ್ಲ್ಯಾಟಿನ ಷೇರು ಸರ್ಟಿಫಿಕೇಟು ಎಲ್ಲವೂ ಒಂದೇ ಫೈಲಿಗೆ ಸೇರುತ್ತವೆ. ಮಾಟುಂಗಾದಲ್ಲಿ ತೆರಿಗೆ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಮೇಜಿಗೆ ಇಂಥ ದಪ್ಪ ಫೈಲುಗಳು ಬರುತ್ತಿರುತ್ತವೆ. ಬಹಳಷ್ಟರಲ್ಲಿ ನ್ಯಾಯಾಧೀಶರಿಗೆ ಬೇಕಾದ ಕಾಗದ ಮಾತ್ರ ಇರುವುದಿಲ್ಲ. ಕುಟುಂಬ ಎಷ್ಟು ಅನುಕೂಲಸ್ಥ ಎಂದು ಆ ನಿಯಮ ಕೇಳುವುದಿಲ್ಲ. ಅಲ್ಲಿಂದ ಕರೆಸಿಕೊಳ್ಳುವ ಗಂಡನೋ ಹೆಂಡತಿಯೋ ಆದ ಸ್ಪಾನ್ಸರ್‌ಗೆ ಇಂತಿಷ್ಟು ಆದಾಯ, ಇಂತಿಷ್ಟು ಕಾಲ, ಇಂಥ ಮೂಲದಿಂದ ಬಂದಿದೆ ಎಂಬುದನ್ನು ಒಂದಕ್ಕೊಂದು ತಾಳೆಯಾಗುವ ಕಾಗದಗಳು ಹೇಳುತ್ತವೆಯೇ ಎಂದು ಕೇಳುತ್ತದೆ. ಆ ತಾಳೆಯನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ವಾದ ಮಂಡಿಸುವ ಹೊಣೆಯನ್ನು ಬ್ರಿಟನ್ನಿನ ಸಾಲಿಸಿಟರ್‌ಗೆ, ಇಲ್ಲವೇ ಅಲ್ಲಿನ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರಾಗಿ ಮೇಲ್ಮನವಿ ನಡೆಸಲು ಅರ್ಹತೆ ಪಡೆದ ಸಲಹೆಗಾರರಿಗೆ ಒಪ್ಪಿಸುವುದೇ ಸರಿ.

ಮೊದಲು ಮೊತ್ತ ಮತ್ತು ದಿನಾಂಕ

2012ರ ಜುಲೈ 9ರಿಂದ ಸ್ಪಾನ್ಸರ್‌ನ ಕನಿಷ್ಠ ವಾರ್ಷಿಕ ಆದಾಯ 18,600 ಪೌಂಡ್ ಎಂದಿತ್ತು. ಮಕ್ಕಳಿದ್ದರೆ ಅದಕ್ಕೆ ಇನ್ನಷ್ಟು ಸೇರುತ್ತಿತ್ತು. 2024ರ ಏಪ್ರಿಲ್ 11ರಿಂದ ಅದು 29,000 ಪೌಂಡ್‌ಗೆ ಏರಿತು, ಮಕ್ಕಳ ಲೆಕ್ಕದ ಹೆಚ್ಚುವರಿ ಮೊತ್ತ ಹೋಯಿತು. ನಿಮ್ಮ ಪ್ರಕರಣಕ್ಕೆ ಯಾವುದು ಅನ್ವಯ ಎಂಬುದನ್ನು ಅರ್ಜಿಯ ದಿನಾಂಕ ನಿರ್ಧರಿಸುತ್ತದೆ. ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದ ದಿನವೇ ಆ ದಿನಾಂಕ. ಮುಂಬೈಯ, ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟ ದಿನವಲ್ಲ. ಆರು ತಿಂಗಳ ಲೆಕ್ಕ, ಕಾಗದಗಳಲ್ಲಿ ತೀರಾ ಈಚಿನದು ಇಪ್ಪತ್ತೆಂಟು ದಿನಕ್ಕಿಂತ ಹಳೆಯದಾಗಿರಬಾರದೆಂಬ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟಿನ ಅವಧಿ ಎಲ್ಲವನ್ನೂ ಈ ದಿನದಿಂದ ಹಿಂದಕ್ಕೆ ಎಣಿಸಬೇಕು. ಆದ್ದರಿಂದ ಒಂದು ಹಾಳೆಯ ತಲೆಯಲ್ಲಿ ಆ ದಿನಾಂಕವನ್ನು ಬರೆದಿಟ್ಟುಕೊಂಡು ಕೆಲಸ ಶುರುಮಾಡಿ.

29,000 ಎಂಬುದು ತೆರಿಗೆ ಕಡಿತಕ್ಕೆ ಮುಂಚಿನ ಒಟ್ಟು ಮೊತ್ತ. ತಿಂಗಳಿಗೆ 2,416 ಪೌಂಡ್ 67 ಪೆನ್ಸ್ ಆಗುತ್ತದೆ. ಕೈಗೆ ಬರುವುದು ಎರಡು ಸಾವಿರದ ಆಸುಪಾಸು ಎಂದು ಗಾಬರಿಯಾಗುವ ಅಗತ್ಯವಿಲ್ಲ. ಇನ್ನೊಂದು ಮಾತು: ಅರ್ಜಿ ಹಾಕಿದ ಸೊಸೆಗೆ ಪುಣೆಯ ಹಿಂಜವಡಿಯ ಕಂಪನಿಯಲ್ಲಿ ಎಷ್ಟೇ ದೊಡ್ಡ ಸಂಬಳವಿದ್ದರೂ ಭಾರತದಿಂದ ಮೊದಲ ಬಾರಿ ಹೋಗುವಾಗ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವಳ ಉಳಿತಾಯ ಸೇರುತ್ತದೆ, ಬಾಡಿಗೆಯಂಥ ಆದಾಯವೂ ಸೇರಬಹುದು, ಸಂಬಳ ಮಾತ್ರ ಇಲ್ಲ. ಸ್ಪಾನ್ಸರ್‌ಗೆ ಅಂಗವಿಕಲರ ಭತ್ಯೆಯೋ ಆರೈಕೆ ಮಾಡುವವರಿಗೆ ಸಿಗುವ ಕೇರರ್ಸ್ ಅಲೊವೆನ್ಸೋ ಬರುತ್ತಿದ್ದರೆ 29,000ದ ಷರತ್ತೇ ಅನ್ವಯಿಸದು. ಸಾಕಷ್ಟು ಜೀವನೋಪಾಯವಿದೆಯೇ ಎಂಬ ಬೇರೆ ಅಳತೆ ಇದೆ.

ತಿರಸ್ಕಾರ ಪತ್ರ ಹೇಳುವುದೇನು

ಪತ್ರ ಕೈಸೇರಿದ ಮೇಲೆ ದೇಶದ ಹೊರಗಿರುವವರಿಗೆ ಮೇಲ್ಮನವಿ ಸಲ್ಲಿಸಲು 28 ದಿನಗಳ ಕಾಲಾವಕಾಶವಿದೆ. ಶುಲ್ಕ ಕಾಗದಗಳ ಮೇಲಷ್ಟೇ ತೀರ್ಮಾನ ಬೇಕಿದ್ದರೆ 80 ಪೌಂಡ್, ಮೌಖಿಕ ವಿಚಾರಣೆ ಬೇಕಿದ್ದರೆ 140 ಪೌಂಡ್. ಕಟ್ಟುವ ಮುನ್ನ ಅಂದಿನ ದರವನ್ನು ಒಮ್ಮೆ ನೋಡಿಕೊಳ್ಳಿ. ಆದಾಯದ ಬಗ್ಗೆ ತಕರಾರಿದ್ದಾಗ ಅರವತ್ತು ಪೌಂಡ್ ಉಳಿಸಲು ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಅಂಕಿಯ ಬಗ್ಗೆ ನ್ಯಾಯಾಧೀಶರಿಗೆ ಸಂಶಯ ಬಂದರೆ ಅದಕ್ಕೆ ಉತ್ತರ ಕೊಡಲು ಸ್ಪಾನ್ಸರ್ ಎದುರಿಗಿರಬೇಕು.

ಪತ್ರವನ್ನು ಓದುವಾಗ ಅಧಿಕಾರಿಯ ಆಕ್ಷೇಪ ಯಾವ ಬಗೆಯದು ಎಂಬುದನ್ನು ಗುರುತಿಸಿ. ಆದಾಯ ಇತ್ತು, ಆದರೆ ನಿಯಮ ಹೆಸರಿಸಿದ ಒಂದು ಕಾಗದ ಇರಲಿಲ್ಲ ಎಂಬುದು ಒಂದು ಬಗೆ. ಕಾಗದ ಇತ್ತು, ಅದು ನಂಬಲರ್ಹವಲ್ಲ ಎಂಬುದು ಎರಡನೆಯದು. ಆದಾಯವೇ ಮಿತಿ ಮುಟ್ಟಿರಲಿಲ್ಲ ಎಂಬುದು ಮೂರನೆಯದು. ಮೊದಲನೆಯದಾದರೆ ಬಿಟ್ಟುಹೋದ ಕಾಗದವನ್ನು ಈಗ ತಂದು ಹಾಜರುಪಡಿಸಬಹುದು. ಅದು ಅರ್ಜಿಯ ದಿನದ ಸ್ಥಿತಿಯನ್ನು ಹೇಳುವಂತಿದ್ದರೆ ಸಾಕು, ಆಮೇಲೆ ಬರೆಸಿದ್ದೆಂಬ ಕಾರಣಕ್ಕೆ ನ್ಯಾಯಮಂಡಳಿ ಅದನ್ನು ಬದಿಗಿಡಬೇಕಿಲ್ಲ. ಅಲ್ಲಿನ 2002ರ ವಲಸೆ ಕಾಯ್ದೆಯ 85ನೇ ಕಲಮು ತೀರ್ಮಾನದ ನಂತರ ಉಂಟಾದ ಸಂಗತಿಗಳನ್ನೂ ನ್ಯಾಯಮಂಡಳಿ ಪರಿಗಣಿಸಲು ಅವಕಾಶ ಕೊಡುತ್ತದೆ. ಈ ಮೇಲ್ಮನವಿಯ ಆಧಾರ ಕುಟುಂಬ ಜೀವನದ ಹಕ್ಕು, ಅಂದರೆ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ. ಆದರೂ ವೀಸಾ ನಿಯಮ ಪೂರೈಸಿದ್ದೀರಿ ಎಂದು ತೋರಿಸಿದರೆ ವೀಸಾ ನಿರಾಕರಿಸುವುದರಲ್ಲಿ ಸಾರ್ವಜನಿಕ ಹಿತವೇನೂ ಉಳಿಯುವುದಿಲ್ಲ. ಲಂಡನ್ನಿನ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಟಿ. ಝಡ್. (ಪಾಕಿಸ್ತಾನ) ಪ್ರಕರಣದಲ್ಲಿ ಈ ಮಾತನ್ನು ಸ್ಪಷ್ಟಪಡಿಸಿದೆ. ಹಾಗಾಗಿ ಅರ್ಜಿಯ ದಿನದಂದೇ ನಿಯಮ ಪೂರೈಸಿತ್ತು ಎಂದು ತೋರಿಸುವ ದಾರಿ ಇದ್ದರೆ ಬೇರೆ ಯಾವ ದಾರಿಯನ್ನೂ ಅದರ ಮುಂದೆ ಇಡಬೇಡಿ.

ಸಂಬಳದ ಮೂರು ಕಾಗದ

ಒಂದೇ ಮಾಲೀಕರ ಬಳಿ ಕನಿಷ್ಠ ಆರು ತಿಂಗಳಿನಿಂದ ಕೆಲಸ ಮಾಡುತ್ತಿರುವ ಸಂಬಳದಾರರನ್ನು ಕ್ಯಾಟಗರಿ ಎ ಎನ್ನುತ್ತಾರೆ. ಅಪೆಂಡಿಕ್ಸ್ ಎಫ್‌ಎಂ-ಎಸ್‌ಇ ಎಂಬ ನಿಯಮಾವಳಿ ಇವರಿಂದ ಮುಖ್ಯವಾಗಿ ಮೂರು ಕಾಗದ ಕೇಳುತ್ತದೆ: ಅರ್ಜಿಗೆ ಹಿಂದಿನ ಆರು ತಿಂಗಳ ಪೇ ಸ್ಲಿಪ್‌ಗಳು, ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್, ಮಾಲೀಕರ ಪತ್ರ. ಸಂಬಳ ಜಮೆಯಾದ ಖಾತೆ ಸ್ಪಾನ್ಸರ್ ಹೆಸರಿನಲ್ಲಿರಬೇಕು, ಇಲ್ಲವೇ ದಂಪತಿಯ ಜಂಟಿ ಹೆಸರಿನಲ್ಲಿರಬೇಕು. ಅಣ್ಣನ ಖಾತೆಗೆ ಬಂದ ಸಂಬಳ ನಡೆಯದು. ಮಾಲೀಕರ ಪತ್ರದಲ್ಲಿ ನಾಲ್ಕು ಸಂಗತಿ ಇರಲೇಬೇಕು: ಈ ವ್ಯಕ್ತಿ ನಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ ಮತ್ತು ಅವರ ಒಟ್ಟು ವಾರ್ಷಿಕ ಸಂಬಳ ಇಷ್ಟು, ಎಷ್ಟು ಕಾಲದಿಂದ ಕೆಲಸದಲ್ಲಿದ್ದಾರೆ, ಈ ಮಟ್ಟದ ಸಂಬಳ ಯಾವಾಗಿನಿಂದ ಬರುತ್ತಿದೆ, ಕೆಲಸ ಕಾಯಂ ಇದೆಯೋ ನಿಗದಿತ ಅವಧಿಯದೋ ಏಜೆನ್ಸಿಯ ಮೂಲಕವೋ. ನಾನು ಕಂಡ ಪತ್ರಗಳಲ್ಲಿ ಮೂರನೆಯ ಸಂಗತಿ ಬಿಟ್ಟುಹೋಗುವುದೇ ಹೆಚ್ಚು, ಏಕೆಂದರೆ ಕಂಪನಿಯ ಎಚ್‌ಆರ್ ವಿಭಾಗ ತನ್ನ ಸಿದ್ಧ ಮಾದರಿಯನ್ನೇ ಮುದ್ರಿಸಿ ಕೊಡುತ್ತದೆ. ಕೇಳುವಾಗಲೇ ಈ ನಾಲ್ಕನ್ನು ಬರೆದು ಕಳುಹಿಸಿ, ಅದೇ ಕ್ರಮದಲ್ಲಿ ಉತ್ತರಿಸಲು ಕೋರಿ.

ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಸ್ಟೇಟ್‌ಮೆಂಟಿನ ಪ್ರತಿ ಪುಟದ ಮೇಲೂ ಬ್ಯಾಂಕಿನ ಮುದ್ರೆ ಇರಬೇಕು, ಅಥವಾ ಇದು ನಮ್ಮದೇ ಎಂದು ದೃಢೀಕರಿಸುವ ಬ್ಯಾಂಕಿನ ಪತ್ರ ಜೊತೆಗಿರಬೇಕು. ಪೇ ಸ್ಲಿಪ್‌ನಲ್ಲಿ ಮಾಲೀಕರ ಹೆಸರು ಕಾಣದಿದ್ದರೆ ಅವೆಲ್ಲ ನೈಜವೆಂದು ಹಿರಿಯ ಅಧಿಕಾರಿಯೊಬ್ಬರು ಲೆಟರ್‌ಹೆಡ್ ಮೇಲೆ ಬರೆದು ಸಹಿ ಮಾಡಬೇಕು.

ಇಷ್ಟು ಕೈಗೆ ಬಂದ ಮೇಲೆ ತಾಳೆಪಟ್ಟಿ ಬರೆಯಿರಿ. ಮೇಲ್ಮನವಿಯನ್ನು ಗೆಲ್ಲಿಸಬಲ್ಲ ಹಾಳೆ ಒಂದಿದ್ದರೆ ಅದು ಇದೇ. ಒಂದೊಂದು ತಿಂಗಳಿಗೆ ಒಂದೊಂದು ಸಾಲು: ಪೇ ಸ್ಲಿಪ್‌ನ ದಿನಾಂಕ, ಒಟ್ಟು ಮೊತ್ತ, ನಿವ್ವಳ ಮೊತ್ತ, ಬ್ಯಾಂಕಿಗೆ ಜಮೆಯಾದ ದಿನ, ಜಮೆಯಾದ ಮೊತ್ತ, ನ್ಯಾಯಮಂಡಳಿಗೆ ಸಲ್ಲಿಸುವ ಕಾಗದಗಳ ಬಂಡಲಿನಲ್ಲಿ ಎರಡೂ ಇರುವ ಪುಟಸಂಖ್ಯೆ. ಒಂದು ಸಾಲನ್ನು ನೋಡೋಣ. ಒಟ್ಟು 2,500.00, ನಿವ್ವಳ 2,014.44, ಜಮೆ 2,061.24. ನಲವತ್ತಾರು ಪೌಂಡ್ ಎಂಬತ್ತು ಪೆನ್ಸ್ ಹೆಚ್ಚಾಗಿ ಬಂದಿದೆ. ಕೆಲಸದ ಮೇಲೆ ಬೇರೆ ಊರಿಗೆ ಹೋಗಿಬಂದ ರೈಲಿನ ಖರ್ಚನ್ನು ಮಾಲೀಕರು ಸಂಬಳದ ಜೊತೆಗೇ ಹಾಕಿದ್ದಾರೆ ಎಂಬುದು ಸ್ಪಾನ್ಸರ್‌ಗೆ ಗೊತ್ತು, ವೀಸಾ ಅಧಿಕಾರಿಗೆ ಗೊತ್ತಿಲ್ಲ. ಮಾಲೀಕರಿಂದ ಒಂದು ಸಾಲಿನ ವಿವರಣೆ ಬಂದರೆ ಆ ತಿಂಗಳ ತಕರಾರು ಮುಗಿಯಿತು. ಡಿಸೆಂಬರ್ ಸಾಲನ್ನು ವಿಶೇಷವಾಗಿ ನೋಡಿ. ಪ್ರತಿ ತಿಂಗಳು 28ಕ್ಕೆ ಬರುವ ಸಂಬಳ ಕ್ರಿಸ್‌ಮಸ್ ಕಾರಣಕ್ಕೆ 23ಕ್ಕೇ ಬಂದಿರುತ್ತದೆ, ಸ್ಪಾನ್ಸರ್ ಇಳಿಸಿಕೊಂಡ ಸ್ಟೇಟ್‌ಮೆಂಟ್ 24ರಿಂದ ಶುರುವಾಗಿರುತ್ತದೆ, ಆರು ಪೇ ಸ್ಲಿಪ್‌ಗೆ ಐದೇ ಜಮೆ ಕಾಣುತ್ತವೆ. ವಾರದ ಸಂಬಳದವರಿಗೆ ಸುಮಾರು ಇಪ್ಪತ್ತಾರು ಸಾಲುಗಳಾಗುತ್ತವೆ. ಬೇಸರಪಡದೆ ಅಷ್ಟನ್ನೂ ಬರೆಯಿರಿ.

ಸಂಬಳ ಏರಿಕೆಯಾದವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕ್ಯಾಟಗರಿ ಎ ಲೆಕ್ಕದಲ್ಲಿ ಆ ಆರು ತಿಂಗಳಲ್ಲಿ ಇದ್ದ ಅತ್ಯಂತ ಕಡಿಮೆ ಸಂಬಳದ ಮಟ್ಟವನ್ನು ಹಿಡಿಯುತ್ತಾರೆ. ಮೊದಲ ಮೂರು ತಿಂಗಳು 2,350 ಪೌಂಡ್ ಇದ್ದು ಆಮೇಲೆ ವರ್ಷಕ್ಕೆ 29,500ಕ್ಕೆ ಏರಿದ್ದರೆ, ಲೆಕ್ಕಕ್ಕೆ ಬರುವುದು 2,350ರ ಹನ್ನೆರಡು ಪಟ್ಟು, ಅಂದರೆ 28,200. ಮಾಲೀಕರ ಪತ್ರ 29,500 ಎಂದು ಸತ್ಯವನ್ನೇ ಹೇಳಿದ್ದರೂ ಅರ್ಜಿ ಬೀಳುತ್ತದೆ. ಕೆಲಸ ಬದಲಿಸಿ ಆರು ತಿಂಗಳಾಗದವರಿಗೆ ಮತ್ತು ಸಂಬಳ ಏರಿಳಿಯುವವರಿಗೆ ಇರುವ ಕ್ಯಾಟಗರಿ ಬಿ ಇಲ್ಲಿ ನೆರವಿಗೆ ಬರಬಹುದು. ಆದರೆ ಅದರಲ್ಲಿ ಈಗಿನ ಸಂಬಳದ ಜೊತೆಗೆ ಕಳೆದ ಹನ್ನೆರಡು ತಿಂಗಳಲ್ಲಿ ನಿಜವಾಗಿ ಬಂದ ಮೊತ್ತವೂ 29,000 ಮುಟ್ಟಿರಬೇಕು. ಎರಡೂ ಹೊಂದದಿದ್ದರೆ ಅರ್ಜಿಯ ದಿನ ನಿಯಮ ಪೂರೈಸಿರಲಿಲ್ಲ ಎಂದು ಒಪ್ಪಿಕೊಂಡು, ವಿಚಾರಣೆಯ ಹೊತ್ತಿಗೆ ಆರು ತಿಂಗಳು ಪೂರ್ತಿ 29,500 ಬಂದಿದೆ ಎಂಬುದನ್ನು ಕುಟುಂಬ ಜೀವನದ ವಾದದ ಭಾಗವಾಗಿ ಮುಂದಿಡಬೇಕು. ಇಂಥ ಸಂದರ್ಭದಲ್ಲಿ ಹೊಸ ಅರ್ಜಿಯೇ ಬೇಗ ಫಲ ಕೊಡುವುದುಂಟು. ಮೇಲ್ಮನವಿಗೆ ಹಲವು ತಿಂಗಳು ಹಿಡಿಯುತ್ತದೆ, ಹೊಸ ಅರ್ಜಿಗೆ ಶುಲ್ಕವನ್ನು ಮತ್ತೆ ಪೂರ್ತಿ ಕಟ್ಟಬೇಕು. ಎರಡನ್ನೂ ಸಾಲಿಸಿಟರ್ ಎದುರು ತೂಗಿ ನೋಡಿ, ಛಲಕ್ಕೆ ಬಿದ್ದು ತೀರ್ಮಾನಿಸಬೇಡಿ.

ಅಧಿಕಾರಿಯ ಆಕ್ಷೇಪ ಕಾಗದದ ನೈಜತೆಯ ಬಗ್ಗೆಯೇ ಇದ್ದರೆ ಮಾಲೀಕರಿಂದ ಇನ್ನೊಂದು ಪತ್ರ ತರಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಸಂಶಯ ಇರುವುದೇ ಆ ಮೂಲದ ಮೇಲೆ. ಮೂರನೆಯ ಕಡೆಯಿಂದ ಬರುವ ದಾಖಲೆ ಬೇಕು. ಬ್ರಿಟನ್ನಿನ ಕಂದಾಯ ಇಲಾಖೆ ಎಚ್‌ಎಂಆರ್‌ಸಿಯಲ್ಲಿ ಪ್ರತಿಯೊಬ್ಬ ನೌಕರನ ಆನ್‌ಲೈನ್ ತೆರಿಗೆ ಖಾತೆ ಇರುತ್ತದೆ, ಮಾಲೀಕರು ವರದಿ ಮಾಡಿದ ಸಂಬಳ ಮತ್ತು ಕಟ್ಟಿದ ತೆರಿಗೆ ಅಲ್ಲಿ ಕಾಣುತ್ತವೆ. ಅದರ ಪ್ರತಿ, ವರ್ಷದ ಒಟ್ಟು ಸಂಬಳ ಮತ್ತು ತೆರಿಗೆ ತೋರಿಸಿ ಮಾಲೀಕರು ವರ್ಷಾಂತ್ಯದಲ್ಲಿ ಕೊಡುವ ಪಿ60 ಮತ್ತು ಸಹಿ ಮಾಡಿದ ಕೆಲಸದ ಕರಾರು ಮೂರೂ ಒಂದೇ ಅಂಕಿ ಹೇಳಿದರೆ ಸಂಶಯಕ್ಕೆ ಜಾಗ ಉಳಿಯುವುದು ಕಡಿಮೆ. ಕಾಗದ ನಂಬಲರ್ಹ ಎಂದು ತೋರಿಸುವ ಹೊಣೆ ಮೇಲ್ಮನವಿದಾರರದೇ, ಅಳತೆ ಮಾತ್ರ ಕ್ರಿಮಿನಲ್ ಮೊಕದ್ದಮೆಯದಲ್ಲ. ಆಗಿರುವ ಸಾಧ್ಯತೆಯೇ ಹೆಚ್ಚು ಎಂದು ಕಂಡರೆ ಸಾಕು. ಇಲ್ಲಿ ಒಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ: ಬಿಟ್ಟುಹೋದ ಪೇ ಸ್ಲಿಪ್ಪನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಕೊಡುತ್ತೇವೆ ಎನ್ನುವವರು ಸಿಕ್ಕರೆ ಆ ಬಾಗಿಲಿಗೆ ಮತ್ತೆ ಹೋಗಬೇಡಿ. ಆದಾಯದ ಕೊರತೆಯನ್ನು ನಾಳೆ ತುಂಬಿಕೊಳ್ಳಬಹುದು. ಸುಳ್ಳು ದಾಖಲೆಯ ಆರೋಪ ಮುಂದಿನ ಪ್ರತಿ ಅರ್ಜಿಯನ್ನೂ ಹಿಂಬಾಲಿಸುತ್ತದೆ.

ಹೋಟೆಲು, ನಗದು ಸಂಬಳ, ಮನೆಯವರ ಕಂಪನಿ

ಮುಂಬೈಯಲ್ಲಿ ಹೋಟೆಲು ನಡೆಸಿದ ಕರಾವಳಿಯ ಕುಟುಂಬಗಳ ಹುಡುಗರು ಅಲ್ಲಿಯೂ ಅದೇ ಕಸುಬಿಗೆ ಹೋಗುವುದುಂಟು; ಅಂಥವರ ಮನೆಯವರು ಈ ಭಾಗವನ್ನು ನಿಧಾನವಾಗಿ ಓದಿಕೊಳ್ಳಬೇಕು. ಸಂಬಳ ನಗದಾಗಿ ಬರುತ್ತಿದ್ದರೆ, ಪೇ ಸ್ಲಿಪ್‌ನ ನಿವ್ವಳ ಮೊತ್ತ ಬ್ಯಾಂಕಿನಲ್ಲಿ ಕಂಡಾಗ ಮಾತ್ರ ಒಟ್ಟು ಮೊತ್ತ ಲೆಕ್ಕಕ್ಕೆ ಸಿಗುತ್ತದೆ. ಕೈಖರ್ಚಿಗೆ ಇನ್ನೂರು ಇಟ್ಟುಕೊಂಡು ಉಳಿದದ್ದನ್ನು ಖಾತೆಗೆ ಹಾಕಿದರೆ, ಖಾತೆಗೆ ಹಾಕಿದ್ದಷ್ಟೇ ಆದಾಯವೆನಿಸಿಕೊಳ್ಳುತ್ತದೆ. ಆದ್ದರಿಂದ ಮುಂದಿನ ತಿಂಗಳಿನಿಂದಲಾದರೂ ಸಂಬಳವನ್ನು ನೇರವಾಗಿ ಬ್ಯಾಂಕಿಗೆ ಹಾಕಲು ಮಾಲೀಕರನ್ನು ಕೇಳಿಕೊಳ್ಳಿ.

ಎರಡನೆಯದು ಇನ್ನೂ ಕಠಿಣ. ಸ್ಪಾನ್ಸರ್ ಕೆಲಸ ಮಾಡುವ ಲಿಮಿಟೆಡ್ ಕಂಪನಿಯ ಷೇರುಗಳು ಅವನ ಅಥವಾ ಸಂಗಾತಿಯ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ಚಿಕ್ಕಪ್ಪ, ಸೋದರಮಾವ, ಅತ್ತೆ, ಅವರ ಮಕ್ಕಳು ಇಂಥವರ ಕೈಯಲ್ಲಿದ್ದು, ಉಳಿದ ಷೇರುದಾರರು ಐವರಿಗಿಂತ ಕಡಿಮೆ ಇದ್ದರೆ, ಅವನನ್ನು ಸಾಮಾನ್ಯ ನೌಕರನೆಂದು ನಿಯಮ ಪರಿಗಣಿಸುವುದಿಲ್ಲ. ಸೋದರಮಾವನ ಹೋಟೆಲಿನಲ್ಲಿ ಅಡುಗೆ ಮೇಲ್ವಿಚಾರಣೆ ಮಾಡುವ ಅಳಿಯ ತನ್ನ ಹೆಸರಿನಲ್ಲಿ ಒಂದು ಷೇರೂ ಇಲ್ಲದಿದ್ದರೂ ಈ ಬಲೆಗೆ ಬೀಳುತ್ತಾನೆ. ಆಗ ಆರು ಪೇ ಸ್ಲಿಪ್ ಸಾಲದು: ಕಂಪನಿಯ ಕಳೆದ ಪೂರ್ತಿ ಹಣಕಾಸು ವರ್ಷದ ಲೆಕ್ಕಪತ್ರ, ಕಾರ್ಪೊರೇಷನ್ ತೆರಿಗೆಯ (ಕಂಪನಿಯ ಲಾಭದ ಮೇಲಿನ ತೆರಿಗೆ) ರಿಟರ್ನ್, ಕಂಪನಿಯ ನೋಂದಣಿ ದಾಖಲೆ, ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಬೇಕಾಗುತ್ತವೆ. ಸ್ವಂತ ಉದ್ಯೋಗದವರಿಗೂ ವರ್ಷದ ಲೆಕ್ಕವೇ. ತೆರಿಗೆ ರಿಟರ್ನ್ ಜೊತೆ ಎಚ್‌ಎಂಆರ್‌ಸಿ ಕೊಡುವ ಎಸ್‌ಎ302 ಲೆಕ್ಕಪಟ್ಟಿ ಮುಖ್ಯವಾಗುತ್ತದೆ. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮರು ಏಪ್ರಿಲ್ 5ರವರೆಗೆ ಎಂಬುದನ್ನು ನಮ್ಮ ಮಾರ್ಚ್ 31ಕ್ಕೆ ಒಗ್ಗಿದವರು ನೆನಪಿಡಬೇಕು.

ಉಳಿತಾಯದಿಂದ ಕೊರತೆ ತುಂಬುವುದು

ಸಂಬಳ 29,000ಕ್ಕೆ ಸ್ವಲ್ಪ ಕಡಿಮೆ ಬಿದ್ದರೆ ನಗದು ಉಳಿತಾಯ ಸೇರಿಸಬಹುದು. ಕೊರತೆಯನ್ನು ಎರಡೂವರೆಯಿಂದ ಗುಣಿಸಿ 16,000 ಕೂಡಿಸಿ: ಸಂಬಳ 27,000 ಇದ್ದರೆ ಕೊರತೆ 2,000, ಬೇಕಾದ ಉಳಿತಾಯ 21,000 ಪೌಂಡ್. ಸಂಬಳವೇ ಇಲ್ಲದೆ ಉಳಿತಾಯವನ್ನಷ್ಟೇ ನಂಬಿದರೆ 88,500 ಬೇಕು. ಸ್ವಂತ ಉದ್ಯೋಗದ ಅಥವಾ ಮನೆಯವರ ಕಂಪನಿಯ ಆದಾಯದ ಜೊತೆ ಉಳಿತಾಯವನ್ನು ಹೀಗೆ ಕೂಡಿಸಲಾಗದು.

ಹಣ ಅರ್ಜಿಗೆ ಮುಂಚೆ ಆರು ತಿಂಗಳು ದಂಪತಿಯಲ್ಲಿ ಒಬ್ಬರ ಅಥವಾ ಇಬ್ಬರ ಹೆಸರಿನಲ್ಲಿ, ಅವರ ಹಿಡಿತದಲ್ಲಿ ಇದ್ದಿರಬೇಕು; ರೂಪಾಯಿಯಲ್ಲಿದ್ದರೂ ನಡೆಯುತ್ತದೆ, ಅರ್ಜಿಯ ದಿನದ ಓಆಂಡಾ ಎಂಬ ವಿನಿಮಯ ದರದ ಜಾಲತಾಣದ ದರದಲ್ಲಿ ಪೌಂಡ್‌ಗೆ ಪರಿವರ್ತಿಸುತ್ತಾರೆ. ದರ ಏರಿಳಿಯುವುದರಿಂದ ತುಸು ಹೆಚ್ಚೇ ಇರಲಿ. ಅವಧಿಗೆ ಮುನ್ನ ಮುರಿದರೆ ದಂಡ ಬೀಳುವ ಎಫ್‌ಡಿಯೂ, ತಕ್ಷಣ ತೆಗೆಯಬಹುದಾದರೆ, ಸಲ್ಲುತ್ತದೆ. ಬ್ಯಾಂಕಿನಿಂದ ಆ ಮಾತನ್ನು ಬರೆಸಿಕೊಳ್ಳಿ. ಚಿನ್ನ, ಷೇರು, ಜಮೀನು ಮಾರಿ ನಗದಾಗುವವರೆಗೆ ಲೆಕ್ಕಕ್ಕಿಲ್ಲ. ಮಾವನವರು ಪ್ರೀತಿಯಿಂದ ಕೊಟ್ಟ ಹಣ ಕೊಡುಗೆಯಾದರೆ ಸರಿ, ಸಾಲವಾದರೆ ಇಲ್ಲ. ಕೊಡುಗೆಯೆಂದು ಅವರು ಬರೆದುಕೊಟ್ಟ ಪತ್ರವೂ ಅವರ ಖಾತೆಯಿಂದ ಹೊರಟ ದಾಖಲೆಯೂ ಜೊತೆಗಿರಲಿ. ಅರ್ಜಿದಾರರ ಹೆಸರಿನ ಫ್ಲ್ಯಾಟು ಮಾರಿ ಬಂದ ಹಣಕ್ಕೆ ಒಂದು ಅನುಕೂಲವಿದೆ: ಆರು ತಿಂಗಳಿನಿಂದ ಆ ಆಸ್ತಿ ನಿಮ್ಮದಾಗಿತ್ತು ಎಂದು ತೋರಿಸಿದರೆ ಹಣ ನೆನ್ನೆ ಮೊನ್ನೆ ಖಾತೆಗೆ ಬಂದಿದ್ದರೂ ನಡೆಯುತ್ತದೆ. ಅದಕ್ಕೆ ನೀವು ಕೊಂಡಾಗಿನ ನೋಂದಾಯಿತ ಅಗ್ರಿಮೆಂಟ್, ಸೊಸೈಟಿಯ ಷೇರು ಸರ್ಟಿಫಿಕೇಟ್, ಮಾರಾಟದ ಪತ್ರ ಮತ್ತು ಅದರ ನೋಂದಣಿಯ ಸಾರಾಂಶವಾದ ಇಂಡೆಕ್ಸ್ ಟು, ಹಣ ಜಮೆಯಾದ ಸ್ಟೇಟ್‌ಮೆಂಟ್ ಇವನ್ನು ಒಂದರ ಹಿಂದೆ ಒಂದಾಗಿ ಇಡಿ. ಇಂಡೆಕ್ಸ್ ಟು ಮರಾಠಿಯಲ್ಲಿರುತ್ತದೆ. ಮರಾಠಿಯದಾಗಲಿ ಕನ್ನಡದ್ದಾಗಲಿ, ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು, ಅನುವಾದ ನಿಖರವಾಗಿದೆ ಎಂಬ ಹೇಳಿಕೆ, ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಅದರಲ್ಲಿರಬೇಕು.

ಮಿತಿ ಮುಟ್ಟಲಾಗದಿದ್ದರೆ

2017ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಎಂ. ಎಂ. (ಲೆಬನಾನ್) ಪ್ರಕರಣದಲ್ಲಿ ಕನಿಷ್ಠ ಆದಾಯದ ಷರತ್ತನ್ನು ತತ್ತ್ವತಃ ಎತ್ತಿಹಿಡಿಯಿತು, ಆದರೆ ಮಕ್ಕಳ ಹಿತ ಮತ್ತು ಬೇರೆ ಹಣದ ಮೂಲಗಳನ್ನು ನಿಯಮ ಸರಿಯಾಗಿ ಪರಿಗಣಿಸುತ್ತಿಲ್ಲ ಎಂದಿತು. ಆ ವರ್ಷದ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಯಿತು. ನಿರಾಕರಣೆಯಿಂದ ದಂಪತಿಗೆ ಅಥವಾ ಮಗುವಿಗೆ ಸಮರ್ಥಿಸಲಾಗದಷ್ಟು ಕಠೋರ ಪರಿಣಾಮ ಉಂಟಾಗಬಹುದಾದ ಅಸಾಧಾರಣ ಸಂದರ್ಭದಲ್ಲಿ ಮೂರನೆಯವರ ನೆರವು, ಮುಂದೆ ಬರಲಿರುವ ಸಂಬಳ, ಇತರ ವಿಶ್ವಾಸಾರ್ಹ ಮೂಲಗಳನ್ನೂ ಈಗ ನೋಡಬೇಕಾಗುತ್ತದೆ. ಹಿಂಜವಡಿಯಲ್ಲಿ ಕೆಲಸ ಮಾಡುವ ಆ ಸೊಸೆಗೆ ಲಂಡನ್ನಿನಲ್ಲಿ ಖಚಿತವಾದ ಕೆಲಸದ ಆಹ್ವಾನವಿದ್ದರೆ ಅದಕ್ಕೆ ಬೆಲೆ ಬರುವುದು ಇಲ್ಲಿ. ನೆರವು ಕೊಡುತ್ತೇನೆಂದು ಮಾವನವರು ಬರೆಯುವ ಪತ್ರದಲ್ಲಿ ಸಹಿ, ದಿನಾಂಕ, ಸಾಕ್ಷಿಯ ಸಹಿ ಇರಬೇಕು. ಅವರ ಆರ್ಥಿಕ ಸ್ಥಿತಿಯ ದಾಖಲೆ, ಈವರೆಗೆ ಕೊಟ್ಟ ನೆರವಿನ ಬ್ಯಾಂಕ್ ಗುರುತು, ಇಬ್ಬರ ಸಂಬಂಧ ಎಷ್ಟು ಗಟ್ಟಿ ಎಂಬ ವಿವರ ಜೊತೆಗಿರಬೇಕು. ಬರೇ ಮಾತಿನ ಭರವಸೆಯನ್ನು ಯಾರೂ ತೂಗುವುದಿಲ್ಲ. ಮಗು ಇದ್ದರೆ ಅದರ ಶಾಲೆ, ಆರೋಗ್ಯ, ದೂರವಿರುವ ತಂದೆಯೋ ತಾಯಿಯೋ ಅದರೊಡನೆ ಇಟ್ಟುಕೊಂಡಿರುವ ಒಡನಾಟ ಇವುಗಳ ದಾಖಲೆಯೇ ಈ ವಾದದ ಬೆನ್ನೆಲುಬು.

ಬಂಡಲ್ ಮತ್ತು ವಿಚಾರಣೆ

ಎಲ್ಲವನ್ನೂ ಪುಟಸಂಖ್ಯೆ ಹಾಕಿದ ಒಂದೇ ಪಿಡಿಎಫ್ ಮಾಡಿ, ಮುಂದೆ ವಿಷಯಸೂಚಿ ಇಡಿ. ಸ್ಪಾನ್ಸರ್‌ನ ಹೇಳಿಕೆ, ತಾಳೆಪಟ್ಟಿ, ಮಾಲೀಕರ ಪತ್ರ, ಪೇ ಸ್ಲಿಪ್, ಸ್ಟೇಟ್‌ಮೆಂಟ್ ಈ ಕ್ರಮ ಓದುವವರಿಗೆ ಹಗುರ. ವಿಚಾರಣೆ ದೂರವಿದ್ದರೆ ಪ್ರತಿ ತಿಂಗಳ ಹೊಸ ಪೇ ಸ್ಲಿಪ್ ಮತ್ತು ಸ್ಟೇಟ್‌ಮೆಂಟನ್ನು ಸೇರಿಸುತ್ತ ಹೋಗಿ. ನ್ಯಾಯಾಧೀಶರು ನೋಡುವುದು ವಿಚಾರಣೆಯ ದಿನದ ಸ್ಥಿತಿಯನ್ನೂ ಹೌದು. ಬಂಡಲ್ ಸಲ್ಲಿಸಿದ ಮೇಲೆ, ವೀಸಾ ತಿರಸ್ಕರಿಸಿದ ಬ್ರಿಟನ್ನಿನ ಗೃಹ ಇಲಾಖೆ, ಅಂದರೆ ಹೋಮ್ ಆಫೀಸ್, ತನ್ನ ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸುವ ಹಂತ ಬರುತ್ತದೆ, ಕಾಗದ ಚೊಕ್ಕವಾಗಿದ್ದರೆ ಅಲ್ಲಿಯೇ ತಿರಸ್ಕಾರ ಹಿಂತೆಗೆದುಕೊಳ್ಳುವುದೂ ಉಂಟು.

ವಿಚಾರಣೆಯಲ್ಲಿ ಸಾಕ್ಷ್ಯ ನುಡಿಯುವವರು ಮುಖ್ಯವಾಗಿ ಸ್ಪಾನ್ಸರ್. ಮುಂಬೈಯಲ್ಲಿ ಕುಳಿತು ವಿಡಿಯೋ ಮೂಲಕ ಮೌಖಿಕ ಸಾಕ್ಷ್ಯ ಕೊಡಬೇಕೆಂದರೆ ಈ ದೇಶದ ಆಕ್ಷೇಪವಿಲ್ಲ ಎಂಬುದು ಮೊದಲು ಖಚಿತವಾಗಬೇಕು, ಹಾಗಾಗಿ ಇಲ್ಲಿಂದ ಹೇಳುವುದನ್ನೆಲ್ಲ ಬರಹದ ಹೇಳಿಕೆಯಲ್ಲೇ ಹೇಳಿಬಿಡಿ. ಸ್ಪಾನ್ಸರ್ ತನ್ನ ಒಟ್ಟು ಸಂಬಳ, ನಿವ್ವಳ ಸಂಬಳ, ಕೆಲಸಕ್ಕೆ ಸೇರಿದ ದಿನ, ಸಂಬಳ ಏರಿದ ತಿಂಗಳು ಇವನ್ನು ಕಾಗದ ನೋಡದೆ ಹೇಳುವಂತಿರಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಲಿ.

ಮೇಲ್ಮನವಿ ಪುರಸ್ಕೃತವಾದರೆ ಕಟ್ಟಿದ ಶುಲ್ಕವನ್ನು ಮರಳಿ ಕೊಡಿಸುವ ಅಧಿಕಾರ ನ್ಯಾಯಾಧೀಶರಿಗಿದೆ, ವಿಚಾರಣೆಯಲ್ಲೇ ಅದನ್ನು ಕೇಳಿಕೊಳ್ಳಿ. ಹೋಮ್ ಆಫೀಸ್ ಮೇಲಿನ ನ್ಯಾಯಮಂಡಳಿಗೆ ಹೋಗದಿದ್ದರೆ ಪಾಸ್‌ಪೋರ್ಟ್ ಸಲ್ಲಿಸಲು ಸೂಚನೆ ಬರುತ್ತದೆ. ಕ್ಷಯರೋಗ ತಪಾಸಣೆಯ ಪ್ರಮಾಣಪತ್ರಕ್ಕೆ ಆರೇ ತಿಂಗಳ ಆಯುಸ್ಸು. ಅಷ್ಟರಲ್ಲಿ ಅದು ಮುಗಿದಿರುವುದೇ ಹೆಚ್ಚು, ಹೊಸದಾಗಿ ಮಾಡಿಸಬೇಕಾಗಬಹುದು ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡು ಟಿಕೆಟ್ ಕಾದಿರಿಸಿ.